ಶರಣಪ್ಪನ ಗರಡಿಯೂ ಚನ್ನಬಸವ್ವನ ಈಳಿಗೆಯೂ

ಲಂಡನ್ನಿನ ಗ್ರೀನ್‌ಫರ್ಡಿನ ಶರಣಪ್ಪ ತನ್ನ ಆಯುಷ್ಯದಲ್ಲಿ ಒಂದೇ ಒಂದು ಕುಸ್ತಿಯನ್ನೂ ಗೆದ್ದವನಲ್ಲ. ಇದು ಅವನಿಗಾಗದವರು ಹಬ್ಬಿಸಿದ ಸುದ್ದಿ ಎಂದು ತಿಳಿಯಬೇಡಿ. ಅವನ ಹೆಂಡತಿ ಚನ್ನಬಸವ್ವನೇ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಹಂಚುತ್ತಿದ್ದ ಸುದ್ದಿ. ಇಂಡಿ ತಾಲೂಕಿನ ತನ್ನ ಊರ ಗರಡಿಮನೆಯಲ್ಲಿ ಅವನು ಮೈಗೆ ಕೆಂಪು ಮಣ್ಣು ಬಳಿದುಕೊಂಡು, ತೊಡೆ ತಟ್ಟಿ, ಆಕಾಶ ನೋಡಿ ಕೈ ಮುಗಿದು ಅಖಾಡಕ್ಕೆ ಇಳಿಯುತ್ತಿದ್ದ ಠೀವಿಗೆ ಸುತ್ತಲಿನ ಹಳ್ಳಿಗಳಲ್ಲಿ ಸಾಟಿ ಇರಲಿಲ್ಲ. ಆಮೇಲೆ ಎದುರಾಳಿ ಬರುತ್ತಿದ್ದ. ಆಮೇಲೆ ಶರಣಪ್ಪ ಇನ್ನೊಮ್ಮೆ ಆಕಾಶ ನೋಡುತ್ತಿದ್ದ, ಈ ಸಲ ಮಲಗಿಕೊಂಡು.

ಅವನು ಲಂಡನ್ನಿಗೆ ಬಂದದ್ದು ಹೆಂಡತಿಯ ಟ್ರಂಕಿನ ಜೊತೆ. ಧಾರವಾಡದಲ್ಲಿ ನರ್ಸಿಂಗ್ ಕಲಿತ ಚನ್ನಬಸವ್ವನನ್ನು ಇಲ್ಲಿಯ ಸರ್ಕಾರಿ ಆಸ್ಪತ್ರೆಯವರು ಕರೆಸಿಕೊಂಡರು. ಟ್ರಂಕನ್ನು ಎತ್ತಲು ಒಬ್ಬರು ಬೇಕಿತ್ತು, ಶರಣಪ್ಪ ಬಂದ. ಟ್ರಂಕು ಅಷ್ಟು ಭಾರವಾಗಿದ್ದಕ್ಕೆ ಕಾರಣ ಅವಳ ತವರಿನ ಈಳಿಗೆ ಮಣೆ. ತೇಗದ ಹಲಗೆ, ಅದರ ಮೇಲೆ ಕೊಕ್ಕರೆಯ ಕೊರಳಿನಂತೆ ಬಾಗಿದ ಕಬ್ಬಿಣದ ಅಲಗು, ಅಲಗಿನ ತುದಿಗೆ ಕೊಬ್ಬರಿ ತುರಿಯುವ ಹಲ್ಲು. ಇಂಗ್ಲೆಂಡಿನಲ್ಲಿ ಚಾಕು ಸಿಗುತ್ತದೆ ಎಂದು ಶರಣಪ್ಪ ಹೇಳಿದ್ದ. ಸಿಗತಾವ, ಆದರ ಅವು ಕೊಯ್ಯಂಗಿಲ್ಲ, ಬರೇ ಒತ್ತತಾವ ಎಂದು ನೋಡದೆಯೇ ತೀರ್ಪು ಕೊಟ್ಟಿದ್ದಳು ಆಕೆ. ಆಮೇಲೆ ನೋಡಿಯೂ ಅದನ್ನೇ ಹೇಳಿದಳು.

ಶರಣಪ್ಪನಿಗೆ ಗ್ರೀನ್‌ಫರ್ಡಿನ ಒಂದು ಬಿಸ್ಕತ್ತಿನ ಉಗ್ರಾಣದಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಮೊದಲ ದಿನವೇ ಮ್ಯಾನೇಜರನ ಹತ್ತಿರ ಹೋಗಿ ಒಂದು ಲಾಠಿ ಕೊಡಿ ಎಂದು ಕೇಳಿದ. ಮ್ಯಾನೇಜರ್ ಅವನಿಗೆ ಒಂದು ಟೆಲಿಫೋನ್ ತೋರಿಸಿದ. ಕಳ್ಳ ಬಂದರೆ ಫೋನ್ ಮಾಡು, ಕಳ್ಳನಿಗೆ ಕೈ ಹಚ್ಚಬೇಡ, ಅವನಿಗೆ ಗಾಯವಾದರೆ ನಮ್ಮ ಮೇಲೆ ಕೇಸು ಹಾಕುತ್ತಾನೆ ಎಂದ. ಕಳ್ಳನನ್ನು ಅಳಿಯನಂತೆ ನೋಡಿಕೊಳ್ಳುವ ಈ ದೇಶದ ಬಗ್ಗೆ ಶರಣಪ್ಪನಿಗೆ ಅಂದು ಹುಟ್ಟಿದ ಬೆರಗು ಕೊನೆಯವರೆಗೂ ಇಳಿಯಲಿಲ್ಲ. ಅಷ್ಟೂ ವರ್ಷಗಳ ನೌಕರಿಯಲ್ಲಿ ಅವನು ಹಿಡಿದ ಏಕೈಕ ಕಳ್ಳ ಒಂದು ನರಿ. ಅದನ್ನೂ ಹಿಡಿದ ಎನ್ನುವುದು ಅವನ ಮಾತು. ನರಿ ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಕಚ್ಚಿಕೊಂಡು ಹೋದದ್ದನ್ನು ಅವನು ಫೋನ್ ಮಾಡಿ ತಿಳಿಸಿದ, ಅಷ್ಟು ಮಾತ್ರ ಖಚಿತ.

ಗರಡಿ ಶುರುವಾದದ್ದು ತೊಂಬತ್ತೆಂಟನೇ ಇಸವಿಯಲ್ಲಿ, ಗಣೇಶನ ದಯೆಯಿಂದ. ಪಶ್ಚಿಮ ಲಂಡನ್ನಿನ ಕನ್ನಡಿಗರೆಲ್ಲ ಭಾನುವಾರ ಸೌತ್‌ಹಾಲ್ ಬ್ರಾಡ್‌ವೇಯ ಹಿಂದಿನ ಒಂದು ಕೌನ್ಸಿಲ್ ಹಾಲಿನಲ್ಲಿ ಸೇರುತ್ತಿದ್ದರು. ದೊಡ್ಡವರು ಭಜನೆ ಮಾಡುವಾಗ ಚಿಕ್ಕವರು ಕುರ್ಚಿಗಳ ಕೆಳಗೆ ತಮ್ಮದೇ ರಾಜ್ಯ ನಡೆಸುತ್ತಿದ್ದರು. ಆ ವರ್ಷದ ಗಣೇಶನ ಹಬ್ಬದಲ್ಲಿ ಯಾವುದೋ ಪುಣ್ಯಾತ್ಮ ಮಗು ಹಿರಿಯರಾದ ನಾರಾಯಣಸ್ವಾಮಿಗಳ ಪಂಚೆಯ ತುದಿಯನ್ನು ಕುರ್ಚಿಗೆ ಕಟ್ಟಿತ್ತು. ಮಂಗಳಾರತಿಗೆ ಎದ್ದು ನಿಂತ ನಾರಾಯಣಸ್ವಾಮಿಗಳು ಭಕ್ತಿಯಿಂದ ಮುಂದೆ ಹೋದರು. ಪಂಚೆ ಕುರ್ಚಿಯ ಜೊತೆ ಹಿಂದೆ ಉಳಿಯಿತು.

ಅದೇ ಸಂಜೆ ಸಂಘದ ಸಭೆಯಲ್ಲಿ ಶರಣಪ್ಪ ಎದ್ದು ನಿಂತ. "ಹುಡುಗ್ರನ್ನ ನನ್ನ ಕೈಯಾಗ ಕೊಡ್ರಿ. ಗರಡಿ ಹಾಕತೀನಿ. ಕೋಲು ತಿರಗಸೂದು ಕಲಸತೀನಿ. ಶಿಸ್ತು ತಾನ ಬರತದ."

ಸಂಘದ ಅಧ್ಯಕ್ಷರು ಮೈಸೂರಿನ ಡಾಕ್ಟರ್ ಸತ್ಯನಾರಾಯಣ. ಕಿವಿ, ಮೂಗು, ಗಂಟಲಿನ ತಜ್ಞರು. ರೋಗಕ್ಕೆ ಹೆದರದ ಅವರು ಕಾನೂನಿಗೆ ಹೆದರಿ ಸಾಯುತ್ತಿದ್ದರು. ಗಾಳಿಪಟ ಹಾರಿಸುವುದಕ್ಕೂ ಕೌನ್ಸಿಲ್ಲಿನ ಅನುಮತಿ ಬೇಕೇನೋ ಎಂದು ಫೋನ್ ಮಾಡಿ ಕೇಳಿದ್ದವರು.

"ಶರಣಪ್ಪನವರೇ, ಮಕ್ಕಳ ಕೈಗೆ ಕೋಲು ಕೊಡೋದು ಅಂದ್ರೆ ಆಯುಧ ಕೊಟ್ಟ ಹಾಗೆ. ನಾಳೆ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನಾವೆಲ್ಲ ಒಳಗೆ ಹೋಗ್ಬೇಕಾಗುತ್ತೆ" ಎಂದರು.

ಕೊನೆಗೆ ಕಾನೂನು ತಿಳಿಸಲು ಒಬ್ಬ ಕಾನ್‌ಸ್ಟೇಬಲನನ್ನು ಕರೆಸಿ ಭಾಷಣ ಮಾಡಿಸಿದರು. ಆತ ಉಪ್ಪಿಟ್ಟು ತಿಂದು ಎರಡು ಮಾತು ಹೇಳಿದ. ಒಂದು: ಮನೆಯ ಹೊರಗೆ ಹರಿತವಾದ ಯಾವುದೇ ವಸ್ತುವನ್ನು ಇಟ್ಟುಕೊಂಡು ತಿರುಗುವವನ ಬಳಿ ಅದಕ್ಕೊಂದು ಸರಿಯಾದ ಕಾರಣ ಇರಬೇಕು. ಎರಡು: ಮೈಮೇಲೆ ಬಂದವರಿಂದ ನಮ್ಮನ್ನು ಕಾಪಾಡಿಕೊಳ್ಳಬಹುದು, ಆದರೆ ಬೇಕಾದಷ್ಟೇ ಬಲ ಬಳಸಬೇಕು, ಸಾಕಾದ ಮೇಲೆ ನಿಲ್ಲಿಸಬೇಕು. ಅದಕ್ಕೆ ಅವರ ಭಾಷೆಯಲ್ಲಿ ರೀಸನಬಲ್ ಫೋರ್ಸ್ ಅನ್ನುತ್ತಾರೆ. ಡಾಕ್ಟರರಿಗೆ ಇದನ್ನು ಕೇಳಿ ಭಯ ಹೆಚ್ಚಾಯಿತು. ಶರಣಪ್ಪನಿಗೆ ಮಾತ್ರ ಜೀವನದಲ್ಲಿ ಮೊದಲ ಸಲ ಕಾನೂನಿನ ಮೇಲೆ ಪ್ರೀತಿ ಹುಟ್ಟಿತು. ನಮ್ಮ ಗರಡಿಯ ಗುರುಗಳೂ ಇದನ್ನೇ ಹೇಳುತ್ತಿದ್ದರಲ್ಲ ಎಂದುಕೊಂಡ. ಗುರುಗಳು ಹೇಳಿದ್ದನ್ನು ಎದುರಾಳಿಗಳು ಕೇಳಿರಲಿಲ್ಲ, ಅಷ್ಟೇ.

ಕೋಲಿನ ಬದಲು ರಟ್ಟಿನ ಕೊಳವೆ ಬಂತು. ಬ್ರಾಡ್‌ವೇಯ ಬಟ್ಟೆ ಅಂಗಡಿಗಳಲ್ಲಿ ಸೀರೆಯ ಬಟ್ಟೆ, ಪರದೆಯ ಬಟ್ಟೆ ಸುತ್ತಿಟ್ಟ ಉದ್ದನೆಯ ಕೊಳವೆಗಳು ದಂಡಿಯಾಗಿ ಬಿದ್ದಿರುತ್ತಿದ್ದವು. ಅವನ್ನು ಹೆಗಲ ಮೇಲೆ ಹೊತ್ತು ತಂದ. ಹೊಡೆದರೆ ಢಬ್ ಎನ್ನುವ ಶಬ್ದ ಭೀಕರ, ನೋವು ಶೂನ್ಯ. ಡಾಕ್ಟರರು ಒಂದು ಕೊಳವೆಯಿಂದ ತಮ್ಮ ತಲೆಗೇ ಎರಡು ಸಲ ಹೊಡೆದುಕೊಂಡು, ಕಿವಿಯ ಹಿಂದೆ ಮುಟ್ಟಿ ನೋಡಿಕೊಂಡು, ಪರವಾಗಿಲ್ಲ ಎಂದು ಒಪ್ಪಿಗೆ ಕೊಟ್ಟರು.

ಮಕ್ಕಳು ತನ್ನನ್ನು ವಸ್ತಾದ ಎಂದು ಕರೆಯಬೇಕು ಎಂದು ಶರಣಪ್ಪ ಕಟ್ಟಪ್ಪಣೆ ಮಾಡಿದ. ಗರಡಿಯ ಗುರುವಿಗೆ ಊರ ಕಡೆ ಹಾಗೆಯೇ ಅನ್ನುವುದು. ಮಕ್ಕಳು ತಕರಾರಿಲ್ಲದೆ ಒಪ್ಪಿ, ವಸ್ತಾದ್ ಅಂಕಲ್ ಎಂದು ಕರೆಯತೊಡಗಿದರು.

ವಸ್ತಾದ್ ಅಂಕಲ್ ಕಲಿಸಿದ ಮೊದಲನೇ ಪಟ್ಟು ಓಡುವುದು. "ಅವ ಬೈದ್ರ ನೀ ನಗು. ಅವ ದೂಡಿದ್ರ ನೀ ಸರಿ. ಅವ ಹೊಡಿಯಾಕ ಬಂದ್ರ ನೀ ಓಡು. ಓಡಾಕ ಹಾದಿನ ಇಲ್ಲಂದ್ರ ಆವಾಗ ಹಿಂಗ ತಡಿ. ಸಾಕಾದ ಮ್ಯಾಲ ನಿಲ್ಲಸು, ಅದಕ್ಕ ರೀಸನಬಲ್ ಫೋರ್ಸ್ ಅಂತಾರ" ಎಂದು ಕೊಳವೆಯನ್ನು ಅಡ್ಡ ಹಿಡಿದು ತೋರಿಸುತ್ತಿದ್ದ. ಮೊದಲ ತಿಂಗಳು ಮಕ್ಕಳು ಹಾಲಿನ ಸುತ್ತ ಓಡಿದ್ದೇ ಓಡಿದ್ದು. ಸೂರಜನ ತಾಯಿ ಚಂದ್ರಿಕಾ ಬಂದು, "ಓಡೋದು ಅವನಿಗೆ ಮೊದಲೇ ಬರ್ತಿತ್ತು ಶರಣಪ್ಪನವರೇ, ನಿಲ್ಲೋದು ಕಲಿಸಿ" ಎಂದರು.

ಆದರೆ ಗರಡಿಯ ಜೀವ ಇದ್ದದ್ದು ಬಾಗಿಲಿನಲ್ಲಿ. ಒಳಗೆ ಬರುವ ಪ್ರತಿಯೊಂದು ಮಗುವೂ ಚೀಲ ಬಿಚ್ಚಿ ತೋರಿಸಬೇಕು. ಶರಣಪ್ಪ ಒಂದೊಂದು ವಸ್ತುವನ್ನೂ ಎತ್ತಿ ಹಿಡಿದು ಕೇಳುತ್ತಿದ್ದ: "ಯಾಕ ತಂದಿ?" ಛತ್ರಿ ಯಾಕೆ, ಮಳೆ. ಕೊಳಲು ಯಾಕೆ, ಶಾಲೆಯ ಸಂಗೀತ. ಒಮ್ಮೆ ನಿತೀಶನ ಚೀಲದಿಂದ ಅವನ ತೋಳಿನಷ್ಟು ಉದ್ದದ ಮೂಲಂಗಿ ಹೊರಬಂತು. ಯಾಕ ತಂದಿ ಎಂದರೆ, ಅಮ್ಮ ಸಾಂಬಾರಿಗೆ ತರಲು ಹೇಳಿದ್ದಾಳೆ ಎಂದ. ಶರಣಪ್ಪ ಗಂಭೀರವಾಗಿ ತಲೆಯಾಡಿಸಿ ಮೂಲಂಗಿಯನ್ನು ಒಳಗೆ ಬಿಟ್ಟ. ಕಾರಣ ಹೇಳಿದವರಿಗೆ ದಾರಿ, ಹೇಳದವರಿಗೆ ಕಿವಿ ಹಿಡಿದು ಇಪ್ಪತ್ತು ಬಸ್ಕಿ, ಅದೂ ಕನ್ನಡದಲ್ಲಿ ಎಣಿಸುತ್ತ. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮಕ್ಕಳು ಬಸ್ಕಿಯ ಕೃಪೆಯಿಂದ ಐವತ್ತರವರೆಗೆ ಎಣಿಸಲು ಕಲಿತರು. ನಾರಾಯಣಸ್ವಾಮಿಗಳ ಪಂಚೆ ಮತ್ತೆಂದೂ ಯಾವ ಕುರ್ಚಿಯನ್ನೂ ಸೇರಲಿಲ್ಲ.

ಈ ಮಕ್ಕಳಲ್ಲೆಲ್ಲ ಮಿಗಿಲಾದವಳು ಶರಣ್ಯಾ, ಡಾಕ್ಟರ್ ಸತ್ಯನಾರಾಯಣರ ಮಗಳು. ಬೇರೆಯವರು ಕೊಳವೆ ಬೀಸಿದರೆ ನೊಣ ಓಡಿಸಿದ ಹಾಗೆ ಕಾಣುತ್ತಿತ್ತು. ಅವಳು ಬೀಸಿದರೆ ಶರಣಪ್ಪನಿಗೆ ಊರಿನ ಗರಡಿಯ ಎಣ್ಣೆಯ ವಾಸನೆಯೇ ಬರುತ್ತಿತ್ತು. ಬಸ್ಕಿ ಎಣಿಸುವವಳೂ ಅವಳೇ. ಒಂದು ಸಂಖ್ಯೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸೂರಜ ಅರ್ಧಕ್ಕೆ ಕೂತರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತನಗೆ ಮಕ್ಕಳಿಲ್ಲದ ಶರಣಪ್ಪ ಅವಳನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದ. ಹೊರಗೆ ಮಾತ್ರ, ವಸ್ತಾದನಿಗೆ ಒಪ್ಪುವಂತೆ, ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ಅವನಿಗೆ ನಿವೃತ್ತಿಯಾಯಿತು. ಅದೇ ಹೊತ್ತಿಗೆ ಹಾಲಿನಲ್ಲಿ ಮಕ್ಕಳು ಕೋಲಿನಿಂದ ಹೊಡೆದಾಡುತ್ತಾರೆ ಎಂದು ಯಾರೋ ಕೌನ್ಸಿಲ್ಲಿಗೆ ದೂರು ಕೊಟ್ಟರು. ಯುಗಾದಿಯ ಊಟದ ದಿನ ಕೌನ್ಸಿಲ್ಲಿನ ಒಬ್ಬ ಅಧಿಕಾರಿಣಿ ಬಂದು ತರಗತಿಯನ್ನು ಕಣ್ಣಾರೆ ನೋಡುತ್ತಾರೆ, ಸರಿ ಕಂಡರೆ ಗರಡಿ ಉಳಿಯುತ್ತದೆ, ಇಲ್ಲವಾದರೆ ಅಂದೇ ಮುಚ್ಚುತ್ತದೆ ಎಂದು ತೀರ್ಮಾನವಾಯಿತು. ಶರಣಪ್ಪನಿಗೆ ಊಟ ರುಚಿಸದಾಯಿತು. ಉಗ್ರಾಣವೂ ಇಲ್ಲ, ನರಿಯೂ ಇಲ್ಲ. ಇನ್ನು ಗರಡಿಯೂ ಹೋದರೆ ಅವನಿಗೆ ವಾರದ ಎಲ್ಲ ದಿನವೂ ಸೋಮವಾರವೇ.

ಇಂಥ ಹೊತ್ತಿನಲ್ಲಿ ಶರಣ್ಯಾಳ ಚೀಲದಿಂದ ಒಂದು ಚಾಕು ಸಿಕ್ಕಿತು.

ಹಣ್ಣು ಹೆಚ್ಚುವ ಪುಟ್ಟ ಚಾಕು, ಒಂದು ಸೇಬಿನ ಜೊತೆ ಕರವಸ್ತ್ರದಲ್ಲಿ ಸುತ್ತಿತ್ತು. ಶರಣಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಯಾಕ ತಂದಿ?"

ಶರಣ್ಯಾ ಚಾಕುವನ್ನೇ ಬೆರಗಿನಿಂದ ನೋಡಿದಳು. "ಐ ಡಿಡಂಟ್ ನೋ, ಅಂಕಲ್. ಅಮ್ಮ ಪುಟ್ ಇಟ್."

"ಗೊತ್ತಿಲ್ಲ ಅನ್ನೂದು ಕಾರಣ ಅಲ್ಲ."

ತಾಯಿ ಕೃಷ್ಣವೇಣಿ ಅಡುಗೆ ಕೋಣೆಯಿಂದ ಓಡಿ ಬಂದರು. "ನಾನೇ ಇಟ್ಟದ್ದು ಶರಣಪ್ಪನವರೇ, ಸೇಬು ಹೆಚ್ಚಿಕೊಳ್ಳಲಿ ಅಂತ. ಪಾಪ, ಅವಳಿಗೆ ಗೊತ್ತೇ ಇಲ್ಲ."

"ಚೀಲ ಯಾರದು, ಉತ್ತರ ಅವ್ರ ಕೊಡಬೇಕ್ರಿ" ಎಂದ ಶರಣಪ್ಪ. ಕೌನ್ಸಿಲ್ಲಿನವರು ಬರುವ ಹೊತ್ತಿನಲ್ಲಿ ಅಧ್ಯಕ್ಷರ ಮಗಳೆಂದು ಬಿಟ್ಟರೆ ಗರಡಿಯ ಮರ್ಯಾದೆ ಏನಾಗಬೇಕು ಎಂಬ ಹಟ ಅವನ ತಲೆಗೆ ಏರಿ ಕೂತಿತ್ತು.

ಹುಡುಗಿ ಅಳಲಿಲ್ಲ. ಕಿವಿ ಹಿಡಿದು, ತಾನೇ ಗಟ್ಟಿಯಾಗಿ ಎಣಿಸುತ್ತ, ಇಪ್ಪತ್ತಕ್ಕೆ ಇಪ್ಪತ್ತೂ ಬಸ್ಕಿ ಹೊಡೆದಳು. ಕಿವಿಯೂ ಕೆಂಪು, ಮುಖವೂ ಕೆಂಪು. ಆಮೇಲೆ ತನ್ನ ಕೊಳವೆಯನ್ನು ಮೂಲೆಯಲ್ಲಿ ಒರಗಿಸಿಟ್ಟು ಹೊರಗೆ ಹೋದವಳು ಮುಂದಿನ ಭಾನುವಾರ ಬರಲಿಲ್ಲ. ಡಾಕ್ಟರರು ಶರಣಪ್ಪನ ಜೊತೆ ಮಾತು ಬಿಟ್ಟರು. ಅಧಿಕಾರಿಣಿಗೆ ತೋರಿಸಬೇಕಾದ ಜೋಡಿ ವರಸೆ ಬರುವವರಲ್ಲಿ ಉಳಿದವರು ಸೂರಜ, ನಿತೀಶ ಇಬ್ಬರೇ. ಅವರಿಗೆ ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಕಿಸಕ್ಕನೆ ನಗು.

"ಹುಡುಗಿ ಖರೇ ಹೇಳಿದ್ಲು. ನಿಮಗ ಕೇಳಾಕ ಕಿವಿ ಇರಲಿಲ್ಲ" ಎಂದಳು ಚನ್ನಬಸವ್ವ, ರೊಟ್ಟಿ ತಟ್ಟುತ್ತ.

"ವಸ್ತಾದ ಒಮ್ಮೆ ಹೇಳಿದ ಮ್ಯಾಲ ಮುಗೀತು."

"ಮುಗೀತು, ಖರೇ. ಗರಡಿನ ಮುಗೀತು."

ಶರಣಪ್ಪ ರೊಟ್ಟಿಯನ್ನು ದಿಟ್ಟಿಸುತ್ತ ಕೂತ. ಅವಳ ಮಾತು ನಿಜವೆಂದು ಅವನಿಗೂ ಗೊತ್ತಿತ್ತು. ಆದರೆ ಒಮ್ಮೆ ಏರಿದ ಹಟದ ಮೇಲಿಂದ ಇಳಿಯುವುದು ಹೇಗೆಂದು ಯಾವ ಗರಡಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಲಂಡನ್ನಿನ ಪಂಚಾಂಗದಲ್ಲಿ ಹಬ್ಬಗಳೆಲ್ಲ ಭಾನುವಾರವೇ ಬೀಳುತ್ತವೆ. ಯುಗಾದಿಯೂ ಹಾಗೆಯೇ ಬಿದ್ದಿತು. ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ ಮಾಡುವ ಹೊಣೆ ಚನ್ನಬಸವ್ವನದು. ಬೆಳಿಗ್ಗೆ ಅವಳನ್ನೂ ಪಾತ್ರೆಗಳನ್ನೂ ಕರೆದೊಯ್ಯಲು ಡಾಕ್ಟರರ ಕಾರು ಬಂತು. ಮಾತು ಬಿಟ್ಟಿದ್ದರೂ ಎಣ್ಣೆಗಾಯಿ ಬಿಡುವಷ್ಟು ಕಲ್ಲು ಮನಸ್ಸಿನವರಲ್ಲ ಡಾಕ್ಟರರು. ಅವಳು ಬಗಲಲ್ಲಿ ಈಳಿಗೆ ಮಣೆ ಇಟ್ಟುಕೊಂಡು ಬರುವುದನ್ನು ನೋಡಿ ಅವರ ಬಣ್ಣ ಬದಲಾಯಿತು.

"ಚನ್ನಬಸವ್ವನವರೇ, ಇದು ನನ್ನ ಕಾರಿನಲ್ಲಿ ಬರೋ ಹಾಗಿಲ್ಲ. ಪೊಲೀಸರು ನಿಲ್ಲಿಸಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಡಾಕ್ಟರ್ ಲೈಸೆನ್ಸೂ ಹೋಗುತ್ತೆ."

"ಆತು ಬಿಡ್ರಿ, ಇಟ್ಟು ಬರತೀನಿ" ಎಂದು ಆಕೆ ಸೊಲ್ಲೆತ್ತದೆ ಒಳಗೆ ಹೋದಳು. ಶರಣಪ್ಪ ಬಚ್ಚಲಲ್ಲಿದ್ದ. ಅವನ ಗರಡಿಯ ಚೀಲ ಬಾಗಿಲ ಬಳಿ ತಯಾರಾಗಿ ಕೂತಿತ್ತು. ಈಳಿಗೆಯನ್ನು ಅವನದೇ ಧೋತರದಲ್ಲಿ ಸುತ್ತಿ, ಚೀಲದ ತಳಕ್ಕೆ ತುರುಕಿ, ಮೇಲೆ ಟವೆಲ್ಲು ಮುಚ್ಚಿ, ಜಿಪ್ಪು ಎಳೆದು, ನಗುತ್ತ ಕಾರು ಹತ್ತಿದಳು. ಗಂಡನಿಗೆ ಹೇಳಿದರೆ ಅವನು ಯಾಕ ತಂದಿ ಎಂದು ಶುರುಮಾಡುತ್ತಾನೆ. ಹೇಳದಿದ್ದರೆ ಈಳಿಗೆ ಸುಮ್ಮನೆ ಹಾಲಿಗೆ ಬಂದು ಸೇರುತ್ತದೆ. ಇದು ಅವಳ ಲೆಕ್ಕಾಚಾರ.

ಶರಣಪ್ಪ ಎಂದಿನಂತೆ ಗ್ರೀನ್‌ಫರ್ಡಿನ ಮಕ್ಕಳನ್ನು ಕೂಡಿಸಿಕೊಂಡು ಬಸ್ಸು ಹತ್ತಿದ. ಸೂರಜ, ನಿತೀಶ, ಅಕ್ಕತಂಗಿಯರಾದ ಸೃಷ್ಟಿ, ಸ್ಫೂರ್ತಿ, ಎಲ್ಲರ ಕೈಯಲ್ಲೂ ಒಂದೊಂದು ಕೊಳವೆ. ಚೀಲ ಇವತ್ತು ಯಾಕೋ ಭಾರವೆನಿಸಿತು. ಮನಸ್ಸಿನ ಭಾರ ಇರಬೇಕು ಎಂದುಕೊಂಡು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತ. ಸೌತ್‌ಹಾಲ್ ಸಮೀಪಿಸುವಾಗ ಬಸ್ಸು ಗಕ್ಕನೆ ಬ್ರೇಕು ಹಾಕಿತು. ಕೊಬ್ಬರಿ ತುರಿಯುವ ಹಲ್ಲು ಜಿಪ್ಪನ್ನು ಸೀಳಿಕೊಂಡು ಹೊರಗೆ ತಲೆ ಹಾಕಿ, ಎದುರಿನ ಸೀಟಿನ ಅಜ್ಜಿಯೊಬ್ಬಳನ್ನು ನೋಡಿತು. ಅಜ್ಜಿಯೂ ಅದನ್ನು ನೋಡಿದಳು. ಎದ್ದು ಮೆಲ್ಲಗೆ ಡ್ರೈವರನ ಹತ್ತಿರ ಹೋದಳು.

ಬಸ್ಸು ನಿಂತಿತು. ಯಾರೂ ಇಳಿಯಬಾರದು, ಪೊಲೀಸರು ಬರುತ್ತಾರೆ ಎಂದು ಡ್ರೈವರ್ ಘೋಷಿಸಿದ.

ಶರಣಪ್ಪ ಮಕ್ಕಳ ಕಡೆ ತಿರುಗಿದ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತದೆಯೇ. "ನೋಡ್ರಿ, ಯಾರೋ ಏನೋ ತಂದಾರ. ಕಾರಣ ಇಲ್ಲದ ತಂದ್ರ ಹಿಂಗ ಆಗತದ. ಅದಕ್ಕ ನಾ ದಿನಾ ಬಡ್ಕೊಳ್ಳೂದು."

ಮಕ್ಕಳು ಅವನ ತೊಡೆಯ ಮೇಲಿನ ಚೀಲವನ್ನೇ ನೋಡುತ್ತಿದ್ದರು.

ಇಬ್ಬರು ಪೊಲೀಸರು ಹತ್ತಿದರು. ಒಬ್ಬ ನರೆತ ಕೂದಲಿನವನು, ಒಬ್ಬ ಮೀಸೆ ಚಿಗುರದ ಹುಡುಗ. ನೇರವಾಗಿ ಬಂದು ಚೀಲ ಬಿಚ್ಚಿ ಎಂದರು. ಶರಣಪ್ಪ ಅಭಿಮಾನದಿಂದ ಬಿಚ್ಚಿದ. ಟವೆಲ್ಲು ಬಂತು, ಊದುವ ಸೀಟಿ ಬಂತು, ಧೋತರ ಬಂತು, ಧೋತರದೊಳಗಿಂದ ಮೂವತ್ತು ವರ್ಷ ತನ್ನ ಅಡುಗೆಮನೆಯಲ್ಲಿ ಮೂಲೆ ಹಿಡಿದು ಕೂತಿದ್ದ ಈಳಿಗೆ ಬಂತು.

"ಇದನ್ನು ಯಾಕೆ ತಂದಿದ್ದೀರಿ?" ನರೆತ ಕೂದಲಿನವನು ತನ್ನ ಭಾಷೆಯಲ್ಲಿ ಸಭ್ಯವಾಗಿ ಕೇಳಿದ.

ಶರಣಪ್ಪ ಎದ್ದು ನಿಂತ. ಏನೋ ಹೇಳಬೇಕು, ಸತ್ಯವನ್ನೇ ಹೇಳಬೇಕು. ಇದ್ದ ಸತ್ಯ ಒಂದೇ. "ಐ ಡಿಡಂಟ್ ನೋ, ಸರ್. ಮೈ ವೈಫ್ ಪುಟ್ ಇಟ್."

ಹಿಂದಿನ ಸೀಟಿನಲ್ಲಿ ಸ್ಫೂರ್ತಿ ಅಕ್ಕನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಶರಣಪ್ಪನಿಗೆ ಶರಣ್ಯಾ ಎಂಬ ಹೆಸರಷ್ಟೇ ಕೇಳಿಸಿತು. ಅಷ್ಟು ಸಾಕಾಗಿತ್ತು.

ಫುಟ್‌ಪಾತಿನ ಮೇಲೆ ಇಳಿಸಿಕೊಂಡು ವಿಚಾರಣೆ ಮುಂದುವರಿಯಿತು. ಇದರಿಂದ ಏನು ಮಾಡುತ್ತಾರೆ? ತರಕಾರಿ ಹೆಚ್ಚುತ್ತಾರೆ. ಹೇಗೆ ಹೆಚ್ಚುತ್ತಾರೆ, ತೋರಿಸಿ. ಪಕ್ಕದ ತರಕಾರಿ ಅಂಗಡಿಯವನು ನ್ಯಾಯಕ್ಕೆ ನೆರವಾಗಲೆಂದು ಒಂದು ಸೋರೆಕಾಯಿ ತಂದುಕೊಟ್ಟ. ಇಲ್ಲಿಗೆ ಶರಣಪ್ಪನ ಬದುಕಿನ ದೊಡ್ಡ ಗುಟ್ಟು ಬೀದಿಗೆ ಬಂತು: ಅವನು ಹುಟ್ಟಿದಾಗಿನಿಂದ ಒಂದು ಮೆಣಸಿನಕಾಯಿಯನ್ನೂ ಹೆಚ್ಚಿದವನಲ್ಲ. ಮೊದಲು ಈಳಿಗೆಯ ಹಲಗೆಯನ್ನು ಎರಡೂ ಕೈಯಲ್ಲಿ ಗದೆಯಂತೆ ಎತ್ತಿ ಹಿಡಿದ. ಪೊಲೀಸ್ ಹುಡುಗ ಎರಡು ಹೆಜ್ಜೆ ಹಿಂದೆ ಹಾರಿ, ಕೆಳಗಿಡು ಎಂದು ಗದರಿದ. ಶರಣಪ್ಪ ಅದನ್ನು ಕೆಳಗಿಟ್ಟು ಅದರ ಮೇಲೆ ಕೂತ. ಅಲಗು ಅವನ ಬೆನ್ನ ಹಿಂದೆ ಹೆಡೆಯೆತ್ತಿ ನಿಂತಿತು.

"ಅದರ್ ವೇ, ಅಂಕಲ್" ಎಂದಳು ಸೃಷ್ಟಿ.

ತಿರುಗಿ ಕೂತು, ಸೋರೆಕಾಯಿಯನ್ನು ಅಲಗಿನ ಹಿಂಬದಿಗೆ ಒತ್ತಿ ತಿಕ್ಕಿದ. ಸೋರೆಕಾಯಿಗೆ ಏನೂ ಆಗಲಿಲ್ಲ. ಈ ಮನುಷ್ಯನಿಗೂ ತರಕಾರಿಗೂ ಯಾವ ಸಂಬಂಧವೂ ಇಲ್ಲ ಎಂದು ಪೊಲೀಸ್ ಹುಡುಗನಿಗೆ ಖಾತ್ರಿಯಾಯಿತು.

"ನನ್ನ ಹೆಂಡತಿ ಇಲ್ಲೇ ಹಾಲಿನಲ್ಲಿದ್ದಾಳೆ, ಅವಳನ್ನು ಕೇಳಿ" ಎಂದು ಶರಣಪ್ಪ ತನಗೆ ಬರುವ ಇಂಗ್ಲಿಷಿನಲ್ಲಿ ಅಂಗಲಾಚಿದ.

ಬ್ರಾಡ್‌ವೇಯಲ್ಲಿ ಆವತ್ತು ಹೊರಟ ಮೆರವಣಿಗೆಯನ್ನು ಜಿಲೇಬಿ ಅಂಗಡಿಯವರು ಎಣ್ಣೆಯ ಬಾಣಲೆ ಬಿಟ್ಟು ಬಂದು ನೋಡಿದರು. ಮುಂದೆ ಈಳಿಗೆಯನ್ನು ಕೂಸಿನಂತೆ ಎತ್ತಿಕೊಂಡ ನರೆತ ಪೊಲೀಸ್, ನಡುವೆ ಶರಣಪ್ಪ, ಅವನ ಪಕ್ಕ ಸೋರೆಕಾಯಿಯನ್ನು ಸಾಕ್ಷಿಗೆಂದು ಹಿಡಿದ ಪೊಲೀಸ್ ಹುಡುಗ, ಹಿಂದೆ, ವಸ್ತಾದ ಕಲಿಸಿದ ಶಿಸ್ತಿನಂತೆ, ಜೋಡಿ ಜೋಡಿಯಾಗಿ ಕೊಳವೆ ಹೆಗಲಿಗೇರಿಸಿ ಹೆಜ್ಜೆ ಹಾಕುತ್ತಿದ್ದ ಮಕ್ಕಳು. ಶರಣಪ್ಪನಿಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಕುಸ್ತಿಯಲ್ಲಿ ಸೋತಾಗ ಕನಿಷ್ಠ ಮಲಗಿಕೊಂಡಾದರೂ ಇರಬಹುದಿತ್ತು. ಇಲ್ಲಿ ಸೋತು ನಡೆಯಬೇಕಾಗಿತ್ತು.

ಹಾಲಿನಲ್ಲಿ ಕೌನ್ಸಿಲ್ ಅಧಿಕಾರಿಣಿ ಆಗಲೇ ಬಂದು ಕೂತಿದ್ದಳು. ಕೃಷ್ಣವೇಣಿ ಕೊಟ್ಟ ಬೇವು ಬೆಲ್ಲದಲ್ಲಿ ಬೇವಿನ ಭಾಗ ಮೊದಲು ಸಿಕ್ಕಿ, ಮುಖ ಹಿಂಡಿಕೊಂಡಿದ್ದಳು. ಪೊಲೀಸರನ್ನೂ ಈಳಿಗೆಯನ್ನೂ ಒಟ್ಟಿಗೆ ಕಂಡ ಡಾಕ್ಟರ್ ಸತ್ಯನಾರಾಯಣರು ಎರಡೂ ಕೈ ಮೇಲೆತ್ತಿದರು. ಅದು ನನ್ನ ಕಾರಿನಲ್ಲಿ ಬರಲಿಲ್ಲ, ನಾನು ಬೇಡ ಅಂದಿದ್ದೆ ಎಂದು, ಯಾರೂ ಕೇಳುವ ಮೊದಲೇ ಇಂಗ್ಲಿಷಿನಲ್ಲಿ ಹೇಳಿಕೆ ಕೊಟ್ಟುಬಿಟ್ಟರು.

ಗದ್ದಲ ಕೇಳಿ ಚನ್ನಬಸವ್ವ ಅಡುಗೆ ಕೋಣೆಯಿಂದ ಹೊರಬಂದಳು. "ಬಂತೇನು? ಎಷ್ಟೊತ್ತರಿ, ಬದನಿಕಾಯಿ ಹಂಗ ಕುಂತಾವು" ಎಂದು, ಹಾಲು ತಂದ ಹುಡುಗನಿಂದ ಬಾಟಲಿ ತೆಗೆದುಕೊಳ್ಳುವಂತೆ, ಪೊಲೀಸಿನವನ ಕೈಯಿಂದ ಈಳಿಗೆ ತೆಗೆದುಕೊಂಡಳು. ಅಲ್ಲೇ ನೆಲದ ಮೇಲೆ ಇಟ್ಟು, ಒಂದು ಕಾಲು ಮಡಚಿ ಹಲಗೆಯ ಮೇಲೆ ಒತ್ತಿ ಕೂತಳು. ಬದನೆಕಾಯಿ ಅಲಗಿನ ಎದುರು ಒಮ್ಮೆ ಹೋಗಿ ಬಂತು, ಇನ್ನೊಮ್ಮೆ ಹೋಗಿ ಬಂತು. ತೊಟ್ಟು ಕಚ್ಚಿಕೊಂಡೇ ನಾಲ್ಕು ಹೋಳಾಗಿ ಹೂವಿನಂತೆ ಬಿಚ್ಚಿತು. ಸಾಕ್ಷಿಯ ಸೋರೆಕಾಯಿಯನ್ನೂ ಬಿಡಲಿಲ್ಲ, ಹುಡುಗನ ಕೈಯಿಂದ ಕಿತ್ತುಕೊಂಡು ಬಿಲ್ಲೆ ಬಿಲ್ಲೆ ಮಾಡಿದಳು.

ನರೆತ ಪೊಲೀಸ್ ಟೋಪಿ ತೆಗೆದ. ಇನ್ನು ಮುಂದೆ ಇದನ್ನು ಡಬ್ಬಿಯಲ್ಲಿ ಹಾಕಿ, ಕಾರಣ ಗೊತ್ತಿರುವವರ ಕೈಯಲ್ಲಿ ಮಾತ್ರ ಕಳಿಸಿ ಎಂದು ಚನ್ನಬಸವ್ವನಿಗೆ ಹೇಳಿದ. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಅಧಿಕಾರಿಣಿ ಎದ್ದು ಬಂದಿದ್ದಳು. ಮಕ್ಕಳಿಗೆ ಆಯುಧದ ಬಗ್ಗೆ ಪಾಠ ಹೇಳುವವರು ನೀವೇನಾ, ನಿಮ್ಮ ತರಗತಿಯ ನಿಯಮವೇನು ಎಂದು ಶರಣಪ್ಪನನ್ನು ಕೇಳಿದಳು.

ಶರಣಪ್ಪ ಈಳಿಗೆಯ ಕಡೆ ನೋಡಿದ.

ಉತ್ತರ ಬಂದದ್ದು ಡಾಕ್ಟರರ ಬೆನ್ನ ಹಿಂದಿನಿಂದ. ಬಸ್ಸಿನ ಕಥೆಯನ್ನು ಆಗಲೇ ಸ್ಫೂರ್ತಿಯಿಂದ ಕೇಳಿಸಿಕೊಂಡಿದ್ದ, ಹಬ್ಬದ ರೇಷ್ಮೆ ಲಂಗ ಉಟ್ಟ ಶರಣ್ಯಾ ಮುಂದೆ ಬಂದು ಅಧಿಕಾರಿಣಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು: ಏನು ತಂದರೂ ಯಾಕೆ ತಂದೆ ಎಂದು ಹೇಳಬೇಕು. ಗೊತ್ತಿಲ್ಲ ಅನ್ನುವುದು ಕಾರಣವಲ್ಲ. ಆಮೇಲೆ ಶರಣಪ್ಪನ ಕಡೆ ತಿರುಗಿ ತಣ್ಣಗೆ ಕೇಳಿದಳು. "ಇಸ್ ಇಟ್, ವಸ್ತಾದ್ ಅಂಕಲ್?"

ಶರಣಪ್ಪನಿಗೆ ಎಷ್ಟೋ ಮಾತು ಹೊಳೆದವು. ತಾನು ದೊಡ್ಡವನು, ಇದು ಹೆಂಡತಿಯ ತಪ್ಪು, ಇದು ಬೇರೆ ಸಂಗತಿ. ಒಂದೊಂದೂ ನಾಲಿಗೆಯ ತುದಿಗೆ ಬಂದು, ಎದುರಿನ ಹುಡುಗಿಯ ಮುಖ ನೋಡಿ ಹಿಂದಕ್ಕೆ ಹೋಯಿತು. ಈಗ ನುಣುಚಿಕೊಂಡರೆ ಈ ಅಧಿಕಾರಿಣಿ ಮುಚ್ಚದೆಯೇ ಗರಡಿ ಮುಚ್ಚಿದಂತೆ ಎಂದು ಅವನಿಗೆ ಹೊಳೆಯಿತು. ಅದಕ್ಕಿಂತ ಹೆಚ್ಚಾಗಿ, ಅವತ್ತಿನ ಆ ಕೆಂಪು ಕಿವಿಗಳು ಅವನಿಗೆ ನೆನಪಾದವು.

"ಅವತ್ತ ನೀ ಖರೇ ಹೇಳಿದ್ದಿ, ತಂಗಿ. ನಾ ಕೇಳಲಿಲ್ಲ. ತಪ್ಪು ನಂದು" ಎಂದ. ಎಡಗೈಯಿಂದ ಬಲಗಿವಿ, ಬಲಗೈಯಿಂದ ಎಡಗಿವಿ ಹಿಡಿದು, ಎಲ್ಲರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎದ್ದ.

"ಒಂದು" ಎಂದಳು ಶರಣ್ಯಾ.

ಪೊಲೀಸರು ಮುಖ ಮುಖ ನೋಡಿಕೊಂಡರು. ಇದು ನಿಮ್ಮ ಹಬ್ಬದ ಆಚರಣೆಯೇ ಎಂದು ಅಧಿಕಾರಿಣಿ ಕೃಷ್ಣವೇಣಿಯನ್ನು ಕೇಳಿದಳು. ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ಕೃಷ್ಣವೇಣಿ ಇನ್ನಷ್ಟು ಬೇವು ಬೆಲ್ಲ ಕೊಟ್ಟರು. "ಎರಡು." "ಮೂರು." ನಾಲ್ಕಕ್ಕೆ ಮೊಣಕಾಲು ಲಟಕ್ಕೆಂದಿತು. "ಶರಣಪ್ಪನವರೇ, ಕಾರ್ಟಿಲೇಜು, ಕಾರ್ಟಿಲೇಜು" ಎಂದು ಡಾಕ್ಟರರು ಮಾತು ಬಿಟ್ಟದ್ದನ್ನೂ ಮರೆತು ಕೂಗಿದರು. ಆರಕ್ಕೆ ಬೆವರು ಕಿತ್ತು ಬಂತು. ಏಳಕ್ಕೆ ಏಳುವಾಗ ಸೂರಜ ತನ್ನ ಕೊಳವೆಯನ್ನು ಊರುಗೋಲಿಗೆಂದು ಚಾಚಿದ. ಶರಣಪ್ಪ ತಲೆಯಾಡಿಸಿ ಬೇಡವೆಂದ. ಎಂಟಕ್ಕೆ ಕೂತವನು ಸ್ವಲ್ಪ ಹೊತ್ತು ಅಲ್ಲೇ ಉಳಿದು, ಹೇಗೋ ಎದ್ದು ನಿಂತ.

"ಎಂಟು" ಎಂದಳು ಶರಣ್ಯಾ. ಒಂದು ಕ್ಷಣ ತಡೆದು, "ಹತ್ತೊಂಬತ್ತು" ಎಂದಳು. ಶರಣಪ್ಪ ಕೂರುವ ಮೊದಲೇ, "ಇಪ್ಪತ್ತು" ಎಂದು ಮುಗಿಸಿದಳು.

ಐವತ್ತರವರೆಗೆ ಒಂದೂ ತಪ್ಪದೆ ಎಣಿಸುವ ಹುಡುಗಿ. ಅರ್ಧ ಬಸ್ಕಿಯನ್ನೂ ಲೆಕ್ಕಕ್ಕೆ ಹಿಡಿಯದ ಹುಡುಗಿ. ಶರಣಪ್ಪನೇ ಕಿವಿ ಹಿಡಿದುಕೊಂಡು, ಏದುಸಿರು ಬಿಡುತ್ತ ಹೇಳಿದ. "ನಡುವ ಬಿಟ್ಟಿ, ತಂಗಿ. ನೀ ಇಪ್ಪತ್ತೂ ಹೊಡದಿದ್ದಿ."

ಶರಣ್ಯಾ ಅವನ ಕೈಗಳನ್ನು ಕಿವಿಯಿಂದ ಬಿಡಿಸಿ ಕೆಳಗಿಳಿಸಿದಳು. "ರೀಸನಬಲ್ ಫೋರ್ಸ್, ಅಂಕಲ್" ಎಂದಳು. ಆಮೇಲೆ, ಎಣಿಕೆಯ ಹೊರಗೆ ಮೊದಲ ಸಲ ಕನ್ನಡದಲ್ಲಿ, "ಸಾಕು."

ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂಲೆಗೆ ಹೋದಳು. ಎರಡು ವಾರದಿಂದ ಅಲ್ಲೇ ಒರಗಿದ್ದ ತನ್ನ ಕೊಳವೆಯನ್ನು ಎತ್ತಿಕೊಂಡು ಬಂದು ನಿತೀಶನ ಎದುರು ನಿಂತಳು. ನಿತೀಶನ ನಗು ಅಲ್ಲಿಗೆ ನಿಂತುಹೋಯಿತು.

ಅವರ ಜೋಡಿ ವರಸೆ ನೋಡಿದ ಅಧಿಕಾರಿಣಿ ಒಪ್ಪಿಗೆ ಬರೆದುಕೊಟ್ಟಳು, ಗರಡಿ ಉಳಿಯಿತು. ಪೊಲೀಸರಿಬ್ಬರೂ ಎಣ್ಣೆಗಾಯಿ ಊಟ ಮಾಡಿಯೇ ಹೋದರು. ಮುಂದಿನ ವಾರದಿಂದ ಬಾಗಿಲಿನಲ್ಲಿ ಮಕ್ಕಳ ಚೀಲ ನೋಡುವ ಮೊದಲು ಶರಣಪ್ಪ ತನ್ನ ಚೀಲವನ್ನು ಬಿಚ್ಚಿ ಅವರಿಗೆ ತೋರಿಸುತ್ತಿದ್ದ. ಯಾರಾದರೂ ಗೊತ್ತಿಲ್ಲ ಎಂದರೆ ಬಸ್ಕಿಗೆ ಮೊದಲು ಪಕ್ಕಕ್ಕೆ ಕೂಡಿಸಿಕೊಂಡು ಕೇಳುತ್ತಿದ್ದ. ಮನೆಯಲ್ಲಿ ಈಳಿಗೆಯ ಮೇಲೆ ಸರಿಯಾದ ದಿಕ್ಕಿಗೆ ಕೂರುವುದನ್ನೂ ಕಲಿತ. ಚನ್ನಬಸವ್ವ ಅವನು ಸೋತ ಕುಸ್ತಿಗಳ ಸುದ್ದಿಯನ್ನು ಬಂದವರಿಗೆಲ್ಲ ಚಹಾದ ಜೊತೆ ಮೊದಲಿನಂತೆಯೇ ಹಂಚುತ್ತಿದ್ದಳು. ಯುಗಾದಿಯ ದಿನದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಯಾಕೆ ಹೇಳುವುದಿಲ್ಲ ಎಂದು ಕೃಷ್ಣವೇಣಿ ಒಮ್ಮೆ ಕೇಳಿದಾಗ, "ಅದರಾಗ ಅವ್ರು ಸೋತಿಲ್ಲರಿ" ಎಂದು ಚಹಾ ಸೋಸಲು ಎದ್ದು ಹೋದಳು.